ರಿಪೋರ್ಟಿನಲ್ಲಿ ಎಲ್ಲವೂ ನಾರ್ಮಲ್

ಅಮ್ಮ ಬಚ್ಚಲ ಹೊಸ್ತಿಲು ಎಡವಿ ಬಿದ್ದಾಗ ಅದನ್ನು ಯಾರೂ ದೊಡ್ಡ ಪೆಟ್ಟೆಂದು ಎಣಿಸಲಿಲ್ಲ. ಆದರೆ ಆಸರೆಗೆಂದು ನೆಲಕ್ಕೆ ಊರಿದ ಬಲಗೈಯ ಮಣಿಕಟ್ಟು ಅಷ್ಟಕ್ಕೇ ಮುರಿದಿತ್ತು. ಪ್ಲಾಸ್ಟರ್ ಹಾಕಿದ ಮೂಳೆ ವೈದ್ಯರು, ಇಷ್ಟು ಸಣ್ಣ ಪೆಟ್ಟಿಗೆ ಮೂಳೆ ಮುರಿಯಬಾರದಿತ್ತು ಎಂದು ಹೇಳಿ, ಮೂಳೆಯ ಸಾಂದ್ರತೆಯನ್ನು ಅಳೆಯುವ ಸ್ಕ್ಯಾನಿನ ಜೊತೆಗೆ ಕೆಲವು ರಕ್ತಪರೀಕ್ಷೆಗಳನ್ನೂ ಬರೆದುಕೊಟ್ಟರು. ಫಲಿತಾಂಶ ಬಂದಾಗ ನಾವೆಲ್ಲ ಮಾಡುವ ಹಾಗೆ ನಾನೂ ದಪ್ಪ ಅಕ್ಷರದಲ್ಲಿ ಅಚ್ಚಾದ ಸಾಲುಗಳನ್ನು ಮಾತ್ರ ಹುಡುಕಿದೆ. ಕ್ಯಾಲ್ಸಿಯಂ ಅವುಗಳಲ್ಲಿ ಇರಲಿಲ್ಲ. ಅದು 9.2 ಇತ್ತು, 8.5ರಿಂದ 10.5ರವರೆಗಿನ ಸಹಜ ಮಿತಿಯ ನಡುಮಧ್ಯದಲ್ಲಿ ನೆಮ್ಮದಿಯಾಗಿ ಕುಳಿತಂತಿತ್ತು. ಸ್ಕ್ಯಾನ್ ಮಾತ್ರ ಮೂಳೆಗಳು ತೀರ ಸವೆದಿವೆ ಎಂದು ಹೇಳುತ್ತಿತ್ತು. ವೈದ್ಯರು ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ವಿವರಿಸುತ್ತಿರುವಾಗ ಅಮ್ಮ ನಡುವೆ ಬಾಯಿ ಹಾಕಿ, "ರಕ್ತದಾಗ ಸರಿ ಐತೆ ಅಂದಮ್ಯಾಲೆ ಎಲುಬಿನಾಗ ಹೆಂಗ ಕಡಿಮಿ ಆಗ್ತೈತ್ರಿ?" ಎಂದು ಕೇಳಿದಳು.

ವೈದ್ಯರು ನಕ್ಕು, "ರಕ್ತದಾಗ ಸರಿ ಇರಬೇಕಂತಾನೇ ಎಲುಬಿನಾಗ ಕಡಿಮಿ ಆಗಿದ್ದು, ಅಮ್ಮ" ಎಂದರು. ಅಮ್ಮ ಅದನ್ನು ಅಲ್ಲಿಗೇ ಬಿಟ್ಟಳು. ನನಗೆ ಬಿಡಲಾಗಲಿಲ್ಲ. ಒಂದು ಸಂಖ್ಯೆ ಅಲುಗಾಡದೆ ನಿಂತಿದೆ ಎಂದರೆ ಅಲ್ಲಿ ಏನೂ ನಡೆಯುತ್ತಿಲ್ಲ ಎಂದೇ ಅದುವರೆಗೆ ನಾನು ತಿಳಿದಿದ್ದೆ. ದೇಹ ತನ್ನೊಳಗಿನ ಸ್ಥಿತಿಯನ್ನು ಏರುಪೇರಾಗದಂತೆ ಕಾಯ್ದುಕೊಳ್ಳುವುದನ್ನು ಶಾಲೆಯ ಜೀವಶಾಸ್ತ್ರದಲ್ಲಿ ಹೋಮಿಯೋಸ್ಟಾಸಿಸ್ ಎಂದು ಓದಿ, ಉಷ್ಣತೆ 37, ರಕ್ತದ ಪಿಎಚ್ 7.4 ಎಂದು ಉರು ಹೊಡೆದು ಅಂಕ ಪಡೆದಿದ್ದೆವು. ಆ ಅಂಕಿಗಳನ್ನು ಕಾಯುವುದಕ್ಕೆ ದೇಹ ಏನನ್ನು ತೆರುತ್ತದೆ, ಎಲ್ಲಿಂದ ತಂದು ತೆರುತ್ತದೆ ಎಂಬ ಪ್ರಶ್ನೆ ಮಾತ್ರ ಪರೀಕ್ಷೆಯಲ್ಲಿ ಬಂದಿರಲಿಲ್ಲ.

ಒಂದು ಕಿಲೋ ಮತ್ತು ಒಂದು ಗ್ರಾಂ

ವಯಸ್ಕರ ದೇಹದಲ್ಲಿ ಸರಿಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ, ಅದರಲ್ಲಿ ನೂರಕ್ಕೆ 99 ಪಾಲು ಮೂಳೆ ಮತ್ತು ಹಲ್ಲುಗಳಲ್ಲಿದೆ. ರಕ್ತವೂ ಜೀವಕೋಶಗಳ ಸುತ್ತಲಿನ ದ್ರವವೂ ಸೇರಿದರೆ ಅಲ್ಲಿರುವುದು ಸುಮಾರು ಒಂದು ಗ್ರಾಂ ಅಷ್ಟೇ. ಆದರೆ ನರಗಳು ಸುದ್ದಿ ಮುಟ್ಟಿಸುವುದು, ಸ್ನಾಯುಗಳು ಸಂಕುಚಿಸುವುದು, ಹೃದಯ ಲಯ ತಪ್ಪದೆ ಬಡಿಯುವುದು, ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ಎಲ್ಲವೂ ಆ ಒಂದು ಗ್ರಾಮನ್ನೇ ನಂಬಿಕೊಂಡಿವೆ. ಅದು ಸ್ವಲ್ಪ ಇಳಿದರೂ ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಗುಡಲು ಶುರುವಾಗುತ್ತದೆ. ಇನ್ನಷ್ಟು ಇಳಿದರೆ ಕೈಬೆರಳುಗಳು ತಾವಾಗಿಯೇ ಸೆಟೆದುಕೊಂಡು ಒಳಕ್ಕೆ ಮಡಚಿಕೊಳ್ಳುತ್ತವೆ, ಗಂಟಲಿನ ಸ್ನಾಯು ಬಿಗಿದು ಉಸಿರಿಗೇ ಸಂಚಕಾರ ಬರುತ್ತದೆ. ಮೂಳೆ ಸವೆಯುವುದು ಹತ್ತಿಪ್ಪತ್ತು ವರ್ಷಗಳ ಮಾತು. ಹೃದಯದ ಲಯ ತಪ್ಪಿದರೆ ಅಷ್ಟು ವ್ಯವಧಾನ ಇರುವುದಿಲ್ಲ. ಆದ್ದರಿಂದ ದೇಹ ಆ ಒಂದು ಗ್ರಾಮನ್ನು ಉಳಿಸಿಕೊಳ್ಳಲು ಒಂದು ಕಿಲೋದ ದಾಸ್ತಾನಿಗೆ ಕೈ ಹಾಕುತ್ತದೆ.

ಈ ಕಾವಲು ಇರುವುದು ಕತ್ತಿನಲ್ಲಿ, ಥೈರಾಯ್ಡ್ ಗ್ರಂಥಿಯ ಹಿಂಬದಿಗೆ ಅಂಟಿಕೊಂಡಿರುವ, ಸಾಮಾನ್ಯವಾಗಿ ನಾಲ್ಕಿರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಲ್ಲಿ. ರಕ್ತದ ಕ್ಯಾಲ್ಸಿಯಂ ಒಂದಿಷ್ಟು ಕುಸಿದ ಕೂಡಲೇ, ಕ್ಷಣಗಳಲ್ಲೇ ಎನ್ನಬೇಕು, ಅವು ತಮ್ಮ ಹಾರ್ಮೋನನ್ನು ಹೊರಬಿಡುತ್ತವೆ. ಆ ಹಾರ್ಮೋನು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತದೆ, ಮೂತ್ರದಲ್ಲಿ ಹೋಗಬೇಕಾಗಿದ್ದ ಕ್ಯಾಲ್ಸಿಯಮನ್ನು ಮೂತ್ರಪಿಂಡದಲ್ಲಿ ತಡೆದು ಮರಳಿಸುತ್ತದೆ, ಮತ್ತು ಅದೇ ಮೂತ್ರಪಿಂಡದಲ್ಲಿ ವಿಟಮಿನ್ ಡಿಯನ್ನು ಅದರ ಚುರುಕು ರೂಪಕ್ಕೆ ತಂದು ಆ ಮೂಲಕ ಕರುಳು ಊಟದಿಂದ ಹೆಚ್ಚು ಕ್ಯಾಲ್ಸಿಯಂ ಹೀರುವಂತೆ ಮಾಡುತ್ತದೆ. ಈ ಕೊನೆಯ ದಾರಿ ತೆರೆದಿದ್ದರೆ ಮೂಳೆಯ ಮೇಲಿನ ಹೊರೆ ಕಡಿಮೆಯಾಗುತ್ತದೆ. ಅಮ್ಮನ ವಿಷಯದಲ್ಲಿ ಮುಚ್ಚಿದ್ದು ಅದೇ ದಾರಿ. ದಪ್ಪ ಅಕ್ಷರದ ಸಾಲುಗಳಲ್ಲಿ ಒಂದು ವಿಟಮಿನ್ ಡಿ, ತುಂಬ ಕಡಿಮೆ. ಇನ್ನೊಂದು ಪ್ಯಾರಾಥೈರಾಯ್ಡ್ ಹಾರ್ಮೋನು, ಮಿತಿಗಿಂತ ಹೆಚ್ಚು. (ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ ಎಂದು ನಮ್ಮವರು ತಮಾಷೆ ಮಾಡುತ್ತಾರೆ. ಅಂಥ ಊರಿನಲ್ಲಿ ಬಿಸಿಲಿನ ವಿಟಮಿನ್ನಿಗೆ ಬರ ಹೇಗೆ ಬಂತು ಎಂದು ಕೇಳಬಹುದು. ಅಂಥ ಬಿಸಿಲಾದ್ದರಿಂದಲೇ ಹೆಂಗಸರು ಹೊತ್ತೇರುವ ಮುಂಚೆ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾರೆ.) ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿದು ಮೂಳೆ ಕರಗುವ ವೇಗ ಹೇಗೂ ಹೆಚ್ಚಾಗಿರುತ್ತದೆ, ಅದರ ಮೇಲೆ ಇದೂ ಸೇರಿತ್ತು.

ಒಡವೆಗಳನ್ನು ಒಂದೊಂದಾಗಿ ಅಡವಿಟ್ಟು, ಹಬ್ಬ ಹುಣ್ಣಿಮೆಗೆ, ಬಂದವರ ಊಟ ಉಪಚಾರಕ್ಕೆ ಕಿಂಚಿತ್ತೂ ಕೊರತೆಯಾಗದಂತೆ ನಡೆಸಿಕೊಂಡು ಹೋಗುವ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. 9.2 ಎಂಬ ಆ ಸಂಖ್ಯೆ ಅಂಥ ಮನೆಯ ಪಡಸಾಲೆ. ಪಡಸಾಲೆಯಲ್ಲಿ ಕುಳಿತು ಕಾಫಿ ಕುಡಿದು ಹೋದವರಿಗೆ ಬೀರು ಖಾಲಿಯಾಗಿರುವುದು ಗೊತ್ತಾಗುವುದಿಲ್ಲ.

ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಕ್ಲೋಡ್ ಬರ್ನಾರ್ಡ್ 19ನೆಯ ಶತಮಾನದ ನಡುವಿನಲ್ಲಿ ಯೋಚನೆಗೆ ಬಿದ್ದದ್ದು ಇಂಥದೇ ಒಂದು ಒಗಟಿನಿಂದ. ಸಕ್ಕರೆ, ಪಿಷ್ಟ ಯಾವುದನ್ನೂ ತಿನ್ನಿಸದೆ ಬರಿಯ ಮಾಂಸದ ಮೇಲೆ ಇಟ್ಟ ಪ್ರಾಣಿಯ ರಕ್ತದಲ್ಲೂ ಸಕ್ಕರೆ ಇದ್ದೇ ಇರುತ್ತದೆ ಎಂಬುದನ್ನು ಆತ ಗಮನಿಸಿದ. ಹುಡುಕುತ್ತ ಹೋದಾಗ ಯಕೃತ್ತು ತಾನೇ ಸಕ್ಕರೆಯನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ ಎಂಬುದು ತಿಳಿಯಿತು. ಇಂದು ನಮಗೆ ಲೆಕ್ಕ ಗೊತ್ತಿದೆ: ಯಾವುದೇ ಕ್ಷಣದಲ್ಲಿ ಇಡೀ ರಕ್ತದಲ್ಲಿರುವ ಗ್ಲೂಕೋಸು ಒಂದು ಟೀ ಚಮಚದಷ್ಟು, ನಾಲ್ಕೈದು ಗ್ರಾಂ, ಮಿದುಳೊಂದೇ ದಿನಕ್ಕೆ ಉರಿಸುವುದು ಸುಮಾರು 120 ಗ್ರಾಂ. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 90 ಎಂದು ಬಂದರೆ ಅದರ ಹಿಂದೆ ಯಕೃತ್ತು ರಾತ್ರಿಯಿಡೀ ಕೆಲಸ ಮಾಡಿದೆ ಎಂದರ್ಥ. ದೇಹದೊಳಗಿನ ಈ ಪರಿಸರದ ಸ್ಥಿರತೆಯೇ ಸ್ವತಂತ್ರ ಬದುಕಿಗೆ ಆಧಾರ ಎಂಬ ಬರ್ನಾರ್ಡನ ಮಾತು ಅಚ್ಚಾದದ್ದು ಆತ ತೀರಿಕೊಂಡ 1878ರಲ್ಲಿ. ಅಮೆರಿಕದ ವಾಲ್ಟರ್ ಕ್ಯಾನನ್ ಅದಕ್ಕೆ ಹೋಮಿಯೋಸ್ಟಾಸಿಸ್ ಎಂಬ ಹೆಸರಿಟ್ಟದ್ದು 1926ರಲ್ಲಿ. ನಾನು ಇಲ್ಲಿ ಹೇಳಲು ಹೊರಟಿರುವುದು ಆ ಸ್ವಾತಂತ್ರ್ಯದ ಖರ್ಚುವೆಚ್ಚವನ್ನು.

ಉಪ್ಪಿಗೂ ನೀರಿಗೂ ಬಿದ್ದ ಜಗಳ

ಅಮ್ಮನ ಕೈ ಕೂಡಿಕೊಂಡ ಮುಂದಿನ ಬೇಸಿಗೆಯಲ್ಲಿ ಅಪ್ಪನ ಸರದಿ ಬಂತು. ಬಿ.ಪಿ.ಗೆಂದು ಅವರು ನುಂಗುತ್ತಿದ್ದ ಗುಳಿಗೆಯಲ್ಲಿ ಮೂತ್ರ ಹೆಚ್ಚಿಸುವ ಥಯಾಜೈಡ್ ಔಷಧವೂ ಸೇರಿತ್ತು. ಉಪ್ಪು ಕಡಿಮೆ ಮಾಡಿ ಎಂದು ಯಾರೋ ಹೇಳಿದ್ದನ್ನು ಅವರು ತಮ್ಮ ಎಂದಿನ ಶಿಸ್ತಿನಿಂದ ಪಾಲಿಸಿ ಉಪ್ಪಿನಕಾಯಿ, ಹಪ್ಪಳ, ಕೊನೆಗೆ ಮಜ್ಜಿಗೆಯ ಉಪ್ಪನ್ನೂ ಬಿಟ್ಟಿದ್ದರು. ಸೆಕೆಗೆ ಊಟ ಸೇರುತ್ತಿರಲಿಲ್ಲ; ಎರಡು ರಸ್ಕು, ಅರ್ಧ ಲೋಟ ಗಂಜಿಯಲ್ಲಿ ಹೊತ್ತು ಕಳೆಯುತ್ತಿದ್ದರು. ನೀರು ಮಾತ್ರ ಚೆಂಬು ಚೆಂಬು ಕುಡಿಯುತ್ತಿದ್ದರು, ಏಕೆಂದರೆ ಬೇಸಿಗೆಯಲ್ಲಿ ನೀರು ಕುಡಿಯಬೇಕೆಂದು ಎಲ್ಲರೂ ಹೇಳುತ್ತಾರೆ. ಒಂದು ಮಟಮಟ ಮಧ್ಯಾಹ್ನ, ಅಂಗಳದಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿರುವಾಗ, ಅಪ್ಪ ಪಡಸಾಲೆಯ ಮಂಚದ ಮೇಲೆ ಎದ್ದು ಕುಳಿತು, "ಸಂಜಿ ಆತು, ಇನ್ನೂ ದೀಪ ಹಚ್ಚಿಲ್ಲೇನು?" ಎಂದು ಅಮ್ಮನನ್ನು ಗದರಿದರು. ನಿದ್ದೆಗಣ್ಣಿನ ಮಾತೆಂದುಕೊಂಡೆವು. ಆಮೇಲೆ ಅಂಗಿ ಹಾಕಿಕೊಳ್ಳಲು ಹೋಗಿ ಒಂದೇ ಗುಂಡಿಯನ್ನು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು ಮಾಡುತ್ತ ನಿಂತುಬಿಟ್ಟರು. ಅವರ ಮುಖದಲ್ಲಿ ಗಾಬರಿ ಇರಲಿಲ್ಲ. ಗಾಬರಿಯಾದದ್ದು ನಮಗೆ. ಪಾರ್ಶ್ವವಾಯುವೇ ಇರಬೇಕೆಂದು ಆಸ್ಪತ್ರೆಗೆ ಓಡಿದೆವು. ತಲೆಯ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ರಕ್ತದಲ್ಲಿ ಸೋಡಿಯಂ 135ರಿಂದ 145 ಇರಬೇಕಾದದ್ದು 118ಕ್ಕೆ ಇಳಿದಿತ್ತು.

ಇದನ್ನು ನಮ್ಮ ಕಡೆ ಸೋಡಿಯಂ ಡೌನ್ ಆಯಿತು ಎನ್ನುತ್ತಾರೆ. ಮನೆಯಲ್ಲಿ ವಯಸ್ಸಾದವರಿರುವ ಯಾರಿಗೂ ಹೊಸ ಮಾತಲ್ಲ. ಆದರೆ ನಡೆದದ್ದು ಉಪ್ಪು ಕಡಿಮೆಯಾದ ಕಥೆ ಅಷ್ಟೇ ಅಲ್ಲ, ನೀರು ಹೊರಹೋಗಲಾರದೆ ಸಿಕ್ಕಿಬಿದ್ದ ಕಥೆ. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ರಕ್ತದ ಸಾಂದ್ರತೆಯಲ್ಲಾಗುವ ನೂರಕ್ಕೆ ಒಂದೆರಡು ಪಾಲಿನ ಏರುಪೇರನ್ನೂ ಗುರುತಿಸಬಲ್ಲದು. ಸಾಂದ್ರತೆ ಏರಿದರೆ ಬಾಯಾರಿಕೆ ಹುಟ್ಟುತ್ತದೆ, ವಾಸೊಪ್ರೆಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ ಮೂತ್ರಪಿಂಡಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಸಾಂದ್ರತೆ ಇಳಿದರೆ ಆ ಹಾರ್ಮೋನು ನಿಂತು, ಹೆಚ್ಚಿನ ನೀರು ತಿಳಿ ಮೂತ್ರವಾಗಿ ಹೊರಟುಹೋಗುತ್ತದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೂವರೆ ಎರಡು ಲೀಟರ್ ಬಿಟ್ಟು ಉಳಿದೆಲ್ಲವನ್ನೂ ಮರಳಿ ಹೀರಿಕೊಳ್ಳುತ್ತವೆ. ಅಷ್ಟು ದೊಡ್ಡ ವಹಿವಾಟಿನಲ್ಲಿ ಚೆಂಬು ನೀರು ಯಾವ ಲೆಕ್ಕ? ಆದರೆ ಅಪ್ಪನ ದೇಹದಲ್ಲಿ ಎರಡು ಕಾವಲುಗಳು ಒಂದಕ್ಕೊಂದು ಎದುರಾಗಿದ್ದವು. ಗುಳಿಗೆಯಿಂದಲೂ ಬೆವರಿನಿಂದಲೂ ಉಪ್ಪು ಹೋಗಿ, ರಕ್ತನಾಳಗಳಲ್ಲಿ ಓಡಾಡುವ ದ್ರವದ ಪ್ರಮಾಣವೇ ತಗ್ಗಿತ್ತು. ಪ್ರಮಾಣ ತಗ್ಗಿದಾಗಲೂ ದೇಹ ವಾಸೊಪ್ರೆಸಿನನ್ನೇ ಕರೆಯುತ್ತದೆ. ಸಾಂದ್ರತೆಯನ್ನು ಕಾಯುವ ಕಾವಲು ನೀರು ಬಿಡು ಎನ್ನುತ್ತಿದ್ದರೆ, ಪ್ರಮಾಣವನ್ನು ಕಾಯುವ ಕಾವಲು ಒಂದು ಹನಿಯನ್ನೂ ಬಿಡಬೇಡ ಎನ್ನುತ್ತಿತ್ತು. ಇಂಥ ಜಗಳ ಮಿತಿ ಮೀರಿದಾಗ ಗೆಲ್ಲುವುದು ಪ್ರಮಾಣ. ರಕ್ತ ತೆಳುವಾದರೂ ಚಿಂತೆಯಿಲ್ಲ, ನಾಳಗಳು ಬರಿದಾಗಬಾರದು ಎಂಬುದು ದೇಹದ ತೀರ್ಮಾನ. ಇತ್ತ ಮೂತ್ರವನ್ನು ತಿಳಿಗೊಳಿಸುವ ಮೂತ್ರಪಿಂಡದ ಶಕ್ತಿಯನ್ನೇ ಥಯಾಜೈಡ್ ಕುಗ್ಗಿಸಿತ್ತು. ಊಟವೂ ಇಲ್ಲದ್ದರಿಂದ ನೀರನ್ನು ಜೊತೆಗೆ ಕರೆದೊಯ್ಯಲು ಬೇಕಾದ ಲವಣ, ಯೂರಿಯಾಗಳ ಗಂಟೂ ಸಣ್ಣದಾಗಿತ್ತು. ಕುಡಿದ ನೀರು ಒಳಗೇ ಉಳಿಯಿತು.

ನೆಂಟರೊಬ್ಬರು ಎರಡು ಎಳನೀರು ಹಿಡಿದುಕೊಂಡು ಬಂದರು. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದೆಂಬ ನಮ್ಮ ರೂಢಿ ಒಳ್ಳೆಯದೇ. ಆದರೆ ಎಳನೀರಿನಲ್ಲಿ ಹೇರಳವಾಗಿರುವುದು ಪೊಟ್ಯಾಸಿಯಂ. ಅಪ್ಪನಿಗೆ ಬೇಕಾಗಿದ್ದ ಸೋಡಿಯಂ ಅದರಲ್ಲಿ ಅಲ್ಪ. ನರ್ಸಮ್ಮ ಅದನ್ನು ಕಾವಲಿಗಿದ್ದ ನಮಗೇ ಕುಡಿಯಲು ಹೇಳಿದರು.

ಆ ಆಸ್ಪತ್ರೆಯಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ನಿಧಾನ. ಉಪ್ಪು ಇಳಿದಿದೆ, ಉಪ್ಪಿನ ನೀರು ಏರಿಸಿದರಾಯಿತು ಎಂದು ನಮಗೆಲ್ಲ ಅನ್ನಿಸಿತ್ತು. ವೈದ್ಯರು ಮಾತ್ರ ಪಂಪಿನ ಮೂಲಕ ಎಣಿಸಿದಂತೆ ಹನಿ ಬಿಡಿಸಿ, ಆರು ಗಂಟೆಗೊಮ್ಮೆ ರಕ್ತ ತೆಗೆಸಿ ನೋಡುತ್ತಿದ್ದರು. ನನ್ನ ತಮ್ಮ ತಾಳ್ಮೆಗೆಟ್ಟು ಸ್ವಲ್ಪ ಜೋರಾಗಿ ಬಿಡಬಾರದೆ ಎಂದು ಕೇಳಿದಾಗ, "ದಿನಕ್ಕೆ ಎಂಟಕ್ಕಿಂತ ಹೆಚ್ಚು ಏರಬಾರದು, ಅದಕ್ಕೇ ಹಿಡಿದು ಹಿಡಿದು ಬಿಡ್ತಿರೋದು" ಎಂದರು. ಕಾರಣ ಹೀಗಿದೆ. ಸುತ್ತಲಿನ ದ್ರವ ತೆಳುವಾದಾಗ ನೀರು ಜೀವಕೋಶಗಳ ಒಳಕ್ಕೆ ನುಗ್ಗಿ ಅವು ಊದಿಕೊಳ್ಳುತ್ತವೆ. ಬೇರೆ ಕಡೆ ಊದಿಕೊಳ್ಳಲು ಜಾಗವಿದೆ, ಗಟ್ಟಿ ಬುರುಡೆಯೊಳಗಿನ ಮಿದುಳಿಗೆ ಇಲ್ಲ. ಆದ್ದರಿಂದ ಮಿದುಳಿನ ಕೋಶಗಳು ಒಂದೆರಡು ದಿನಗಳಲ್ಲಿ ತಮ್ಮೊಳಗಿನ ಪೊಟ್ಯಾಸಿಯಮನ್ನೂ ಕೆಲವು ಸಾವಯವ ಅಣುಗಳನ್ನೂ ಹೊರಹಾಕಿ, ತಾವೂ ಹೊರಗಿನಷ್ಟೇ ತೆಳುವಾಗಿ, ಊತವನ್ನು ಇಳಿಸಿಕೊಳ್ಳುತ್ತವೆ. ಅಪ್ಪ 118ರಲ್ಲೂ ಎದ್ದು ಕುಳಿತು ಗದರಲು ಸಾಧ್ಯವಾಗಿದ್ದು ಹಾಗಾಗಿಯೇ. ಈಗ ರಕ್ತದ ಸೋಡಿಯಮನ್ನು ಒಮ್ಮೆಗೇ ಮೇಲಕ್ಕೆಳೆದರೆ, ಹೊರಹಾಕಿದ್ದನ್ನು ಅಷ್ಟು ಬೇಗ ಮರಳಿ ತುಂಬಿಕೊಳ್ಳಲಾರದ ಆ ಕೋಶಗಳು ನೀರು ಕಳೆದುಕೊಂಡು ಕುಗ್ಗುತ್ತವೆ. ನರತಂತುಗಳ ಮೇಲಿನ ಮಯಲಿನ್ ಹೊದಿಕೆ ಕಳಚಿ, ಮಾತು, ನುಂಗುವಿಕೆ, ಕೈಕಾಲುಗಳ ಚಲನೆ ಶಾಶ್ವತವಾಗಿ ಹೋಗಬಹುದು. ಕೆಟ್ಟ ಸ್ಥಿತಿಗೂ ದೇಹ ಹೊಂದಿಕೊಂಡಿರುತ್ತದೆ, ಆ ಹೊಂದಾಣಿಕೆಯನ್ನು ಬಿಡಿಸುವುದಕ್ಕೂ ಅದಕ್ಕೆ ಸಮಯ ಬೇಕು. ಮರುದಿನ 125 ಆದಾಗ ಅಪ್ಪ ನನ್ನ ಹೆಸರು ಹಿಡಿದು ಕರೆದು, ಆಸ್ಪತ್ರೆಯ ಉಪ್ಪಿಟ್ಟಿಗೆ ಉಪ್ಪು ಸಾಲದೆಂದು ದೂರಿದರು.

ಯಾವುದನ್ನು ಮೊದಲು ಉಳಿಸಬೇಕು

ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಂಡದ್ದು ದೇಹದೊಳಗಿನ ಮೇಲು ಕೀಳಿನ ಪಟ್ಟಿ. ರಕ್ತದ ಕ್ಯಾಲ್ಸಿಯಂ ಮೂಳೆಗಿಂತ ಮೇಲು. ದ್ರವದ ಪ್ರಮಾಣ ಸಾಂದ್ರತೆಗಿಂತ ಮೇಲು. ಅಪಘಾತದಲ್ಲಿ ರಕ್ತ ಸೋರಿಹೋಗುವಾಗ ಈ ಪಟ್ಟಿ ನಿಮಿಷಗಳಲ್ಲಿ ಜಾರಿಗೆ ಬರುತ್ತದೆ: ಮೊದಲು ಚರ್ಮದ ನಾಳಗಳು ಬಿಗಿದು ಕೈಕಾಲು ತಣ್ಣಗಾಗುತ್ತವೆ, ಆಮೇಲೆ ಕರುಳಿಗೆ, ಮೂತ್ರಪಿಂಡಕ್ಕೆ ಹೋಗುವ ರಕ್ತ ಮೊಟಕಾಗುತ್ತದೆ, ಮೂತ್ರ ಇಳಿಯುತ್ತದೆ, ನಾಡಿ ನೂರು ದಾಟುತ್ತದೆ. ಹೃದಯಕ್ಕೂ ಮಿದುಳಿಗೂ ಮಾತ್ರ ಆದಷ್ಟು ಹೊತ್ತು ಕಡಿತವಿಲ್ಲ. ಐದು ಲೀಟರ್ ರಕ್ತವಿರುವ ಆರೋಗ್ಯವಂತ ಯುವಕ ಒಂದು ಲೀಟರಿಗೂ ಹೆಚ್ಚು ಕಳೆದುಕೊಂಡಿದ್ದರೂ ಅವನ ಮೇಲಿನ ಬಿ.ಪಿ. ಸರಿಯಾಗಿಯೇ ಇರಬಹುದು. ತುರ್ತು ಚಿಕಿತ್ಸಾ ಘಟಕದಲ್ಲಿ ಕೆಲಸ ಮಾಡಿದವರು 120 ಎಂಬ ಓದನ್ನು ನೋಡಿ ಸಮಾಧಾನಪಡದೆ ನಾಡಿ ಹಿಡಿಯುವುದು, ಅಂಗೈ ಮುಟ್ಟಿ ನೋಡುವುದು ಇದಕ್ಕೇ. ಬಿ.ಪಿ. ಕಾಯಲ್ಪಡುವ ಸಂಖ್ಯೆ, ನಾಡಿ ಅದಕ್ಕಾಗಿ ದುಡಿಯುವ ಸಂಖ್ಯೆ. ಟೈಪ್ 2 ಮಧುಮೇಹವೂ ಇದೇ ಜಾಡಿನದು. ಸಕ್ಕರೆ ಏರುವ ಎಷ್ಟೋ ವರ್ಷಗಳ ಮುಂಚಿನಿಂದಲೂ ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ಅದನ್ನು ತಡೆದು ಹಿಡಿದಿರುತ್ತದೆ. ನಾವು ವರ್ಷಕ್ಕೊಮ್ಮೆ ಅಳೆಯುವುದು ಸಕ್ಕರೆಯನ್ನು, ಇನ್ಸುಲಿನ್ನನ್ನಲ್ಲ.

ಕಾಯುವ ಸಂಖ್ಯೆಯೇ ಬದಲಾಗುವುದೂ ಉಂಟು. ಜ್ವರ ಬರುವಾಗ ಮೈ 38 ಡಿಗ್ರಿ ಕಾದಿದ್ದರೂ ಚಳಿ ಚಳಿ ಎಂದು ಕಂಬಳಿ ಹೊದೆಯುತ್ತೇವೆ, ಏಕೆಂದರೆ ಸೋಂಕಿನ ಸುದ್ದಿ ತಿಳಿದ ಹೈಪೊಥಲಾಮಸ್ ಗುರಿಯನ್ನು 39ಕ್ಕೆ ಏರಿಸಿರುತ್ತದೆ, ಆ ಗುರಿಯ ಎದುರಿಗೆ 38 ತಣ್ಣಗೇ. ಗುರಿ ಮತ್ತೆ ಇಳಿದಾಗ ಮೈ ಬೆವರುತ್ತದೆ. ಬೆವರು ಬಂತು, ಇನ್ನು ಜ್ವರ ಬಿಟ್ಟಿತು ಎಂದು ಅಜ್ಜಿಯರು ಹಣೆ ಮುಟ್ಟಿ ಹೇಳುತ್ತಿದ್ದುದು ಸರಿಯಾದ ಲೆಕ್ಕವೇ. ರಕ್ತದೊತ್ತಡದಲ್ಲಿ ಇದು ಇಷ್ಟು ನಿರುಪದ್ರವಿಯಲ್ಲ. ವರ್ಷಗಟ್ಟಲೆ ಬಿ.ಪಿ. ಏರಿಯೇ ಇದ್ದರೆ, ಕತ್ತಿನ ಧಮನಿಯಲ್ಲೂ ಮಹಾಧಮನಿಯ ಕಮಾನಿನಲ್ಲೂ ಇರುವ ಒತ್ತಡದ ಸಂವೇದಕಗಳು ಆ ಏರಿದ ಮಟ್ಟವನ್ನೇ ಸರಿಯಾದ ಮಟ್ಟವೆಂದು ಒಪ್ಪಿಕೊಂಡು ಅದನ್ನೇ ಕಾಯತೊಡಗುತ್ತವೆ.

ಕೆಣಕಿ ನೋಡುವ ಪರೀಕ್ಷೆ

ವಯಸ್ಸಾದಂತೆ ದೇಹದಲ್ಲಿ ಕುಂದುವುದು ಏನು ಎಂದು ಕೇಳಿದರೆ ನಾವು ಸಾಮಾನ್ಯವಾಗಿ ರಿಪೋರ್ಟಿನ ಅಂಕಿಗಳನ್ನು ತೋರಿಸುತ್ತೇವೆ. ಆದರೆ ಆರೋಗ್ಯವಾಗಿರುವ ಎಪ್ಪತ್ತೈದರ ಹಿರಿಯರೊಬ್ಬರು ಸುಮ್ಮನೆ ಕುಳಿತಿರುವಾಗ ಅವರ ಸೋಡಿಯಂ, ಪಿಎಚ್, ಮೈಯ ಉಷ್ಣತೆ ಎಲ್ಲವೂ ಮೊಮ್ಮಗನದಕ್ಕಿಂತ ಹೆಚ್ಚು ಬೇರೆಯಿರುವುದಿಲ್ಲ. ವ್ಯತ್ಯಾಸ ಕಾಣುವುದು ಕೆಣಕಿದಾಗ. ಬಾಯಾರಿಕೆ ತಡವಾಗಿ ಹುಟ್ಟುತ್ತದೆ, ಬೆವರು ತಡವಾಗಿ ಬರುತ್ತದೆ, ಮೂತ್ರವನ್ನು ಗಟ್ಟಿಯಾಗಿಸುವ ಶಕ್ತಿಯೂ ತಿಳಿಯಾಗಿಸುವ ಶಕ್ತಿಯೂ ಎರಡೂ ಕಡಿಮೆಯಾಗಿರುತ್ತವೆ. ಹಾಗಾಗಿ ಮೊಮ್ಮಗನಿಗೆ ಏನೂ ಅನ್ನಿಸದ ಬೇಸಿಗೆಯ ವಾರ, ಒಂದು ವಾಂತಿಭೇದಿ, ಒಂದು ಹೊಸ ಗುಳಿಗೆ ಅಜ್ಜನನ್ನು ಆಸ್ಪತ್ರೆಗೆ ಸೇರಿಸುತ್ತದೆ. ನಿಶ್ಚಲವಾಗಿ ಕೂರಿಸಿ ತೆಗೆದ ರಕ್ತ ಇದನ್ನು ಹೇಳಲಾರದು. ಇಂಥ ವಯಸ್ಸಿನವರಿಗೆ ವರ್ಷಕ್ಕೊಮ್ಮೆ ಅರವತ್ತು ಎಪ್ಪತ್ತು ಸಾಲಿನ ಪ್ಯಾಕೇಜ್ ಪರೀಕ್ಷೆ ಮಾಡಿಸಿ ನಿರಾಳರಾಗುವ ನಮ್ಮ ಪದ್ಧತಿಯ ಮೇಲೆ ನನಗೆ ನಂಬಿಕೆ ಕಡಿಮೆಯಾದದ್ದು ಈ ಕಾರಣಕ್ಕೆ.

ಅಪ್ಪನನ್ನು ಮನೆಗೆ ಕಳಿಸುವ ಮುಂಚೆ ಅಲ್ಲಿಯ ಕಿರಿಯ ವೈದ್ಯೆ ಮಾಡಿದ ಪರೀಕ್ಷೆಗೆ ಲ್ಯಾಬೂ ಬೇಕಾಗಿರಲಿಲ್ಲ, ಬಿಲ್ಲೂ ಬರಲಿಲ್ಲ. ಅವರನ್ನು ಐದು ನಿಮಿಷ ಅಂಗಾತ ಮಲಗಿಸಿ ಬಿ.ಪಿ. ನೋಡಿದರು: 142. ಎಬ್ಬಿಸಿ ನಿಲ್ಲಿಸಿ, ಪಟ್ಟಿಯನ್ನು ತೋಳಿನಿಂದ ಬಿಚ್ಚದೆ, ಗಡಿಯಾರ ನೋಡುತ್ತ ಕಾದರು. ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲುಗಳತ್ತ, ಹೊಟ್ಟೆಯತ್ತ ಇಳಿಯುತ್ತದೆ. ನಾಳಗಳು ಬಿಗಿದು, ನಾಡಿ ಚುರುಕಾಗಿ, ತಲೆಗೆ ಹೋಗುವ ರಕ್ತ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಇದು ನಾವು ದಿನಕ್ಕೆ ಎಷ್ಟೋ ಸಲ ಗೊತ್ತಿಲ್ಲದೆ ಗೆಲ್ಲುವ ಪಂದ್ಯ. ಮೂರನೆಯ ನಿಮಿಷಕ್ಕೆ ಅಪ್ಪನ ಒತ್ತಡ 114ಕ್ಕೆ ಇಳಿದಿತ್ತು, ನಾಡಿ ಮಾತ್ರ ಹೆಚ್ಚೇನೂ ಏರಿರಲಿಲ್ಲ. 20ಕ್ಕಿಂತ ಹೆಚ್ಚು ಇಳಿದರೆ ಲಕ್ಷ್ಯ ಕೊಡಬೇಕು ಎಂದು ಆಕೆ ನನಗೆ ವಿವರಿಸುತ್ತಿದ್ದಾಗ ಅಪ್ಪ ಮಂಚದ ಕಂಬಿ ಹಿಡಿದುಕೊಂಡು, "ಬೆಳಿಗ್ಗೆ ಎದ್ದ ಕೂಡ್ಲೆ ದಿನಾ ಹಿಂಗ ಆಗ್ತೈತಮ್ಮ, ವಯಸ್ಸಾತು ಅಂತ ಸುಮ್ನಿದ್ದೆ" ಎಂದರು. ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತು ಮೆಷಿನ್ನಿಗೆ ಕೈ ಕೊಟ್ಟಾಗಲೆಲ್ಲ ಅವರ ಬಿ.ಪಿ. ಚೆನ್ನಾಗಿಯೇ ಇರುತ್ತಿತ್ತು. ಥಯಾಜೈಡ್ ಅನ್ನು ಅಂದೇ ನಿಲ್ಲಿಸಿದರು, ಉಳಿದ ಗುಳಿಗೆಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರು, ಮಜ್ಜಿಗೆಗೆ ಉಪ್ಪು ಹಾಕಿಕೊಳ್ಳಲು ಅಪ್ಪಣೆ ಕೊಟ್ಟರು. ಈಗ ತಿಂಗಳಿಗೊಮ್ಮೆ ಅಪ್ಪನಿಗೂ ಅಮ್ಮನಿಗೂ ಮನೆಯಲ್ಲೇ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿ ಎರಡು ಕಾಲಂನಲ್ಲಿ ಬರೆದಿಡುತ್ತೇನೆ. ವೈದ್ಯೆ ಪುಸ್ತಕ ತೆರೆದಾಗ ನೋಡುವುದು ಎರಡು ಕಾಲಂಗಳ ನಡುವಿನ ಅಂತರವನ್ನು.